ಇಸಿಯು ಪರಕಾಯಪ್ರವೇಶ ಮೀಮಾಂಸೆ

ಇಸಿಯು ಎಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಗಣಕ, ಎಂಜಿನ್ನಿನ ಅಂತರಾತ್ಮ. ತಕ್ಕಡಿಗೆ ಸಿಕ್ಕದು, ಗೇಜಿಗೆ ದಕ್ಕದು. ಆದರೆ ಕಿಡಿ ಯಾವಾಗ ಹಾರಬೇಕು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ಬಾಯಿ ತೆರೆದಿರಬೇಕು ಎಂಬುದೆಲ್ಲ ಅದರದೇ ಅಪ್ಪಣೆ. ನಿಮಿಷಕ್ಕೆ 6000 ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 50 ಕಿಡಿ. (ಕಡತ ವಿಲೇವಾರಿ ಮಾಡುವವರು ಇದನ್ನು ಓದದಿರುವುದು ಲೇಸು.)

ಆತ್ಮಕ್ಕೆ ಕಾನೂನು ಮಾಡುವುದು ಹೇಗೆ? 1944ರಲ್ಲಿ ಹುಟ್ಟಿದ ಅಮೆರಿಕದ ಎಸ್‌ಸಿಸಿಎ ಎಂಬ ಕಾರ್ ರೇಸ್ ಕ್ಲಬ್ಬು, ಹವ್ಯಾಸಿ ರೇಸಿಗರ 'ಇಂಪ್ರೂವ್ಡ್ ಟೂರಿಂಗ್' ವರ್ಗಕ್ಕೊಂದು ಸೂತ್ರ ರಚಿಸಿತು. ಅದರ ಭಾವಾರ್ಥ: ಇಸಿಯುವಿಗೆ ಏನು ಬೇಕಾದರೂ ಮಾಡಿ, ಕಂಪನಿಯ ಮೂಲ ಡಬ್ಬಿಯೊಳಗೇ ಮಾಡಿ.

ಭಾಷ್ಯಕಾರರು ಸುಮ್ಮನಿದ್ದಾರೆಯೇ? ಚಾಪೆ-ರಂಗೋಲಿ ನ್ಯಾಯದಂತೆ, ದುಡ್ಡಿದ್ದವರು ಡಬ್ಬಿಯ ಕರುಳು ಬಗೆದು ಎಸೆದು, ಮೋಟೆಕ್‌ನಂಥ ಸಾವಿರಾರು ಡಾಲರಿನ ರೇಸಿಂಗ್ ಗಣಕವನ್ನು ಒಳಗೆ ತುರುಕಿದರು. ದೇಹ ಹಳೇ ಹೋಂಡಾದ್ದು, ಆತ್ಮ ಆಸ್ಟ್ರೇಲಿಯಾದ್ದು. ಶಾಸ್ತ್ರದಲ್ಲಿ ಇದಕ್ಕೆ ಪರಕಾಯಪ್ರವೇಶವೆಂದು ಹೆಸರು. ಶಂಕರರು ಅಮರುಕ ರಾಜನ ದೇಹ ಹೊಕ್ಕ ಕಥೆಯಲ್ಲಿ ಸಾಲ್ಡರಿಂಗ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಇತ್ತ ಕೈಯಾರೆ ಜೋಡಿಸಿಕೊಳ್ಳುವ ಅಗ್ಗದ ಮೆಗಾಸ್ಕ್ವರ್ಟ್ ಗಣಕ ಮೂಲ ಡಬ್ಬಿಯಲ್ಲಿ ಹಿಡಿಸದಿದ್ದರೆ ಅಶಾಸ್ತ್ರೀಯ! ದೊಡ್ಡ ಡಬ್ಬಿಯ ಕಾರಿಗೆ ಮೋಕ್ಷ, ಸಣ್ಣ ಡಬ್ಬಿಯದಕ್ಕೆ ಪೂರ್ವಜನ್ಮದ ಕರ್ಮ.

ಪೂರ್ವಪಕ್ಷ: ಮಾರ್ಪಾಡನ್ನೇ ನಿಷೇಧಿಸಬಾರದೇಕೆ? ಉತ್ತರ: ನಿಷೇಧಿಸಬಹುದು, ಹಿಡಿಯುವವರು ಯಾರು? ಕೋಟಿಗಳ ಫಾರ್ಮುಲಾ ಒನ್‌ನಲ್ಲೇ 1994ರಲ್ಲಿ ಬೆನೆಟನ್ ತಂಡದ ತಂತ್ರಾಂಶವನ್ನು ತಜ್ಞರು ಕೆದಕಿದಾಗ, ಹತ್ತೇ ಆಯ್ಕೆ ತೋರಿಸುವ ಪಟ್ಟಿಯ ಕೆಳಗೆ ಕಣ್ಣಿಗೆ ಬೀಳದ 13ನೆಯದೊಂದು ಅಡಗಿತ್ತು: ಚಕ್ರ ಜಾರದಂತೆ ಕಾರನ್ನು ತಾನೇ ಹೊರಡಿಸುವ, ನಿಷೇಧಿತ ಲಾಂಚ್ ಕಂಟ್ರೋಲ್. ಬಳಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಸಂಬಳದ ತಜ್ಞರಿಗೇ ಈ ಗತಿಯಾದರೆ, ಭಾನುವಾರ ಟಾರ್ಚು ಹಿಡಿದು ಬಾನೆಟ್ಟಿನೊಳಗೆ ಇಣುಕುವ ಸ್ವಯಂಸೇವಕನ ಪಾಡೇನು?

2008ರಲ್ಲಿ ಫಾರ್ಮುಲಾ ಒನ್ ಅದ್ವೈತಕ್ಕೆ ಶರಣಾಯಿತು. ಎಲ್ಲರಿಗೂ ಒಂದೇ ಇಸಿಯು. ಅದನ್ನು ಮಾಡಿಕೊಟ್ಟದ್ದು ಮೆಕ್‌ಲಾರೆನ್ ಬಳಗದ ಸಂಸ್ಥೆ, ಹೀಗಾಗಿ ಫೆರಾರಿಯ ಎಂಜಿನ್ನಿನೊಳಗೂ ಎದುರಾಳಿ ಮೆಕ್‌ಲಾರೆನ್ ಆತ್ಮ. ಹವ್ಯಾಸಿಗಳಿಗೆ ಇದು ಒಗ್ಗದು. ಒಬ್ಬನದು ಹೋಂಡಾ, ಮತ್ತೊಬ್ಬನದು ವೋಲ್ಕ್ಸ್‌ವ್ಯಾಗನ್. ಸೆನ್ಸರುಗಳ ಗೋತ್ರವೇ ಬೇರೆ.

ಕಡೆಗೆ ಎಸ್‌ಸಿಸಿಎ ಡಬ್ಬಿಯ ಷರತ್ತನ್ನೇ ಕೈಬಿಟ್ಟಿತು. ಆತ್ಮವನ್ನು ಹಾಡಹಗಲೇ ಬದಲಿಸಬಹುದಾಯಿತು. ಇದರಿಂದ ನೊಂದವರು ಒಂದೇ ವರ್ಗದವರಿರಬೇಕು: ತುರುಕುವ ಕೂಲಿ ಪಡೆಯುತ್ತಿದ್ದವರು.