ಡ್ಯಾಂಪರ್ ಪಂಡಿತನ ಲಕ್ಷಣಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆಯಲ್ಲಿ ತಲೆಯೆತ್ತಿದ ಸಾಮಾಜಿಕ ವರ್ಗಗಳನ್ನು ಎಣಿಸುವವರು ಭತ್ತದ ರೈತ, ಅಕ್ಕಿ ಗಿರಣಿಯ ಮಾಲೀಕ, ಗೊಬ್ಬರದಂಗಡಿಯ ಸಾಹುಕಾರ ಎಂಬಲ್ಲಿಗೆ ಲೆಕ್ಕ ಮುಗಿಸುವುದು ವಾಡಿಕೆಯಾದರೂ, ಇವರದೇ ಮನೆಗಳಲ್ಲಿ ಕಿರಿಯ ಮಗನಾಗಿ ಹುಟ್ಟಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಪದವಿಯ ಜೊತೆಗೆ ಒಂದು ಹಳೆಯ ವೇಗದ ಹ್ಯಾಚ್‌ಬ್ಯಾಕ್ ಕಾರನ್ನೂ ಊರಿಗೆ ತರುವ ಡ್ಯಾಂಪರ್ ಪಂಡಿತನನ್ನು ಆ ಪಟ್ಟಿಯಿಂದ ಬಿಡುವುದು ನ್ಯಾಯವಲ್ಲ. ಹ್ಯಾಚ್‌ಬ್ಯಾಕ್ ಎಂದರೆ ಬೆನ್ನಿನ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಗಿಡ್ಡ ಕಾರು. ಅದಕ್ಕೆ ಅದರ ಅಳತೆಗೆ ಮೀರಿದ ಎಂಜಿನ್ ಕೂಡಿಸಿದಾಗ ಅದು ವೇಗದ ಜಾತಿಗೆ ಸೇರುತ್ತದೆ. ಪಂಡಿತನ ಬಳಿ ಇರುವುದು ಸಾಮಾನ್ಯವಾಗಿ 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐ: 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, ತಾನೇ ಬದಲಾಗುವ ಏಳು ಗೇರು. 2022ರಲ್ಲಿ ಪೋಲೊದ ತಯಾರಿಕೆ ಇಲ್ಲಿ ನಿಂತುಹೋದದ್ದು ಅವನ ಪಾಲಿಗೆ ಮನೆಯ ಹಿರಿಯರೊಬ್ಬರು ತೀರಿಕೊಂಡ ಸಂಗತಿಯಾಗಿದ್ದು, ಆ ವರ್ಷವನ್ನು ಅವನು ತಗ್ಗಿದ ದನಿಯಲ್ಲಿಯೇ ಹೇಳುತ್ತಾನೆ.

ಇಂಥ ಕಾರಿನ ಮೇಲೆ ಪ್ರೀತಿಯಿರುವವನು ವೇಗದ ಹುಚ್ಚನಿರಬೇಕೆಂದು ಊರು ತಿಳಿಯುವುದು ಸಹಜ, ಆದರೆ ಈ ನೆಲದಲ್ಲಿ ಆ ಹುಚ್ಚಿಗೆ ಜಾಗವೇ ಇಲ್ಲ. ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗಿ ಬಿರಿಯುವ ಎರೆಮಣ್ಣಿನ ಮೇಲೆ ಹಾಸಿದ ಡಾಂಬರು ತಗ್ಗು ಬೀಳದ ಕಡೆಯಲ್ಲಿಯೂ ಅಲೆಅಲೆಯಾಗಿ ಏಳುತ್ತದೆ. ಕೆಸರುಗದ್ದೆಯಿಂದ ಕೇಜ್ ವೀಲ್, ಅಂದರೆ ಕಬ್ಬಿಣದ ಪಟ್ಟಿಗಳ ಗಾಲಿ, ಬಿಚ್ಚದೆಯೇ ರಸ್ತೆಗೇರುವ ಟ್ರ್ಯಾಕ್ಟರು ಉಳಿದ ಡಾಂಬರನ್ನು ಉಳುತ್ತದೆ. ಸುಗ್ಗಿ ಬಂತೆಂದರೆ ಅರ್ಧ ರಸ್ತೆಯೇ ಕಣವಾಗಿ, ಒಣಹಾಕಿದ ಭತ್ತದ ಅಂಚಿಗೆ ತಲೆಗಾತ್ರದ ಕಲ್ಲುಗಳು ಸಾಲುಗಟ್ಟುತ್ತವೆ. 105 ಪಿಎಸ್‌ಗೆ ಇಲ್ಲಿ ಇರುವ ಕೆಲಸ ಬಹಳ ಕಡಿಮೆ, ಡ್ಯಾಂಪರಿಗೆ ಇರುವ ಕೆಲಸ ಬಹಳ ಹೆಚ್ಚು. ಹೀಗಾಗಿ ಬೇರೆ ಊರಿನಲ್ಲಿದ್ದರೆ ಎಂಜಿನ್ನಿನ ಭಕ್ತನಾಗುತ್ತಿದ್ದವನು ಸಿಂಧನೂರಿನಲ್ಲಿ ಅನಿವಾರ್ಯವಾಗಿ ಡ್ಯಾಂಪರಿನ ಪಂಡಿತನಾಗುತ್ತಾನೆ.

ಗ್ಯಾರೇಜಿನವರು ಶಾಕಪ್ಸರ್ ಎನ್ನುವ ಈ ಡ್ಯಾಂಪರು ಸ್ಪ್ರಿಂಗಿನ ಕುಣಿತವನ್ನು ಅಡಗಿಸುವ, ಎಣ್ಣೆ ತುಂಬಿದ ಕೊಳವೆ. ಗಾಲಿಗೆ ಬಿದ್ದ ಏಟನ್ನು ಸ್ಪ್ರಿಂಗು ನುಂಗಿಕೊಳ್ಳುವುದೇನೋ ನಿಜ, ಆದರೆ ನುಂಗಿದ್ದನ್ನು ಅದು ಮರುಗಳಿಗೆಯಲ್ಲೇ ಹಿಂದಕ್ಕೆ ಕೊಡುವುದರಿಂದ, ಕೊಳವೆಯೊಳಗಿನ ಪಿಸ್ಟನ್ನು ತೆಳು ಉಕ್ಕಿನ ಬಿಲ್ಲೆಗಳು ಮುಚ್ಚಿದ ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ಹಿಂಡಿ ಕಳಿಸಿ, ಆ ಶಕ್ತಿಯನ್ನು ಶಾಖವಾಗಿಸಿ ಗಾಳಿಗೆ ಬಿಟ್ಟುಬಿಡುತ್ತದೆ. ಕಾಲ ಕಳೆದಂತೆ ಕೊಳವೆಯ ಬಾಯಲ್ಲಿರುವ ರಬ್ಬರ್ ಸೀಲು ಗಡುಸಾಗಿ ಎಣ್ಣೆ ಜಿನುಗುತ್ತದೆ, ಉಳಿದ ಎಣ್ಣೆಯಲ್ಲಿ ಗಾಳಿ ಬೆರೆತು ನೊರೆಯಾಗುತ್ತದೆ, ನೊರೆ ತೂತಿನಲ್ಲಿ ಯಾವ ಪ್ರತಿಭಟನೆಯನ್ನೂ ತೋರದೆ ಸಾಗಿಹೋಗುತ್ತದೆ. ಆಗ ಒಂದು ದಿಬ್ಬ ದಾಟಿದ ಕಾರು ಮುಂದಿನ ದಿಬ್ಬ ಬರುವವರೆಗೂ ಏಳುತ್ತ ಬೀಳುತ್ತ ಇರುತ್ತದೆ.

ಪಂಡಿತನ ದಿನಚರಿಯಲ್ಲಿ ರೋಗಪತ್ತೆಗೆ ಮೊದಲ ಸ್ಥಾನ. ನಿಂತ ಕಾರಿನ ಮಡ್‌ಗಾರ್ಡನ್ನು ಎರಡೂ ಅಂಗೈಯಿಂದ ಅದುಮಿ ಬಿಟ್ಟಾಗ ಅದು ಒಮ್ಮೆ ಎದ್ದು ಸುಮ್ಮನಾಗಬೇಕು, ಮತ್ತೊಮ್ಮೆ ಕುಣಿದರೆ ಡ್ಯಾಂಪರ್ ಸವೆದಿದೆ ಎಂಬುದು ಹಳೆಯ ಪರೀಕ್ಷೆ. ಇದನ್ನು ಅವನು ತನ್ನ ಕಾರಿನ ಮೇಲಷ್ಟೇ ಅಲ್ಲದೆ ಮದುವೆಮನೆಯ ಮುಂದೆ ಸಾಲಾಗಿ ನಿಂತ ಬೀಗರ ಕಾರುಗಳ ಮೇಲೂ ಮಾಡುವುದರಿಂದ, ಕಳ್ಳನೆಂದು ತಿಳಿದು ಯಾರಾದರೂ ಕೂಗುವುದುಂಟು. ಬಗ್ಗಿ ಮುಂಗಾಲಿಯ ಒಳಗೆ ಟಾರ್ಚು ಬಿಟ್ಟು, ಎಣ್ಣೆ ಜಿನುಗಿದ ಜಾಗಕ್ಕೆ ಧೂಳು ಮೆತ್ತಿಕೊಂಡು ಕರಿ ಪಟ್ಟಿಯಾದದ್ದನ್ನು ಕಂಡ ದಿನ ಅವನ ಮುಖದಲ್ಲಿ ದುಃಖಕ್ಕಿಂತ ಸಮಾಧಾನವೇ ಎದ್ದು ಕಾಣುತ್ತದೆ.

ಮುಂಗಾಲಿಯ ಡ್ಯಾಂಪರನ್ನು ಕಳಚುವುದು ಸಣ್ಣ ಕೆಲಸವಲ್ಲ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ, ಸ್ಪ್ರಿಂಗು ಮತ್ತು ಡ್ಯಾಂಪರು ಒಂದರೊಳಗೊಂದು ಕೂತಿರುವ ಕಂಬವೊಂದು ಅಲ್ಲಿರುತ್ತದೆ. ಅದುಮಿ ಕಟ್ಟಿದ ಸ್ಪ್ರಿಂಗು ತಪ್ಪಿ ಚಿಮ್ಮಿದರೆ ಎದುರಿನವನ ದವಡೆ ಉಳಿಯದು. ಊರಿನ ಮಿಸ್ತ್ರಿಗೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಜಾಕು, ಮೋಟರ್ ಸೈಕಲ್ಲಿನ ಮುಂಗಾಲಿಯ ಕೊಳವೆ ಇವುಗಳ ಸೀಲು ಬದಲಿಸುವುದು ನಿತ್ಯದ ಕಸುಬಾದ್ದರಿಂದ ಅವನಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಒಂದು ಸುತ್ತು ಓಡಿಸಿ ಬಂದು, ಪಾನಾ ಕೈಗೆತ್ತಿಕೊಳ್ಳುವ ಮುಂಚೆ, ‘ತಗ್ಗು ರಸ್ತಾದಾಗ ಐತ್ರಿ ಗೌಡ್ರ, ಗಾಡ್ಯಾಗಿಲ್ಲ’ ಎಂದು ಅವನು ಕೊಡುವ ತೀರ್ಪು ಶಾಸ್ತ್ರೀಯವಾಗಿ ಅರ್ಧ ಸರಿಯಿದ್ದರೂ, ಪಂಡಿತ ಅದನ್ನು ಅಜ್ಞಾನವೆಂದೇ ಬಗೆಯುತ್ತಾನೆ.

ಕಾರ್ಖಾನೆಯವರು ಕೊಳವೆಯ ಬಾಯಿಯನ್ನು ಒಳಕ್ಕೆ ಮಡಚಿ ಮುಚ್ಚಿರುವುದು ಅದನ್ನು ಯಾರೂ ಬಿಚ್ಚಬಾರದೆಂದೇ. ಸವೆದ ಜೋಡಿಯನ್ನು ಎಸೆದು ಹೊಸದನ್ನು ಹಾಕಬೇಕೆಂಬುದು ಅವರ ಮತ. ಆದರೆ ಲೇತ್ ಇರುವ ಊರಿನಲ್ಲಿ ಇಂಥ ಮತಗಳಿಗೆ ಬೆಲೆಯಿಲ್ಲವಾಗಿ, ಮಿಸ್ತ್ರಿ ಆ ಮಡಿಕೆಯನ್ನು ಕೊರೆದು ತೆಗೆದು, ಒಳಗೆ ತಿರುಪಿನ ಮರೆ ಹಾಕಿಸಿ, ತಿರುಗಿಸಿ ಮುಚ್ಚುವ ಕ್ಯಾಪು ಕೂಡಿಸುತ್ತಾನೆ. ಒಳಗಿನ ರಾಡಿನ ಕ್ರೋಮು ಲೇಪದ ಮೇಲೆ ತುಕ್ಕಿನ ಚುಕ್ಕೆಯೊಂದಿದ್ದರೂ ಹೊಸ ಸೀಲು ಕೆಲವೇ ತಿಂಗಳಲ್ಲಿ ಹರಿಯುತ್ತದೆಂದು ಬಲ್ಲ ಪಂಡಿತ, ರಾಡಿನುದ್ದಕ್ಕೂ ಉಗುರು ಎಳೆದು ನೋಡುತ್ತಾನೆ. ನಿಜವಾದ ಜಗಳ ಹುಟ್ಟುವುದು ಎಣ್ಣೆ ಹೊಯ್ಯುವಾಗ. ಹೈಡ್ರಾಲಿಕ್ ಡಬ್ಬಿ ಕೈಗೆಟುಕುವಷ್ಟು ಹತ್ತಿರವಿರುವಾಗ ಬೇರೆ ಎಣ್ಣೆ ಯಾಕೆಂಬುದು ಮಿಸ್ತ್ರಿಯ ವಾದ. ಎಣ್ಣೆಯ ಮಂದತನ ಒಂದಿಷ್ಟು ಏರುಪೇರಾದರೂ ತೂತಿನ ಲೆಕ್ಕವೆಲ್ಲ ಕೆಡುತ್ತದೆಂಬುದು ಪಂಡಿತನ ಪ್ರತಿವಾದ. ಇದು ಬಗೆಹರಿದರೂ ಪ್ರಮಾಣದ ಪ್ರಶ್ನೆ ಉಳಿಯುತ್ತದೆ. ರಾಡು ಒಳಹೊಕ್ಕಾಗ ಅದು ಹಿಡಿಯುವ ಜಾಗಕ್ಕಾಗಿ ಮೇಲ್ಭಾಗದಲ್ಲಿ ಅನಿಲದ ಎಡೆ ಬೇಕೇಬೇಕು, ಬಾಯ್ತುಂಬ ಎಣ್ಣೆ ಹೊಯ್ದರೆ ರಾಡು ಇಳಿಯಲು ಎಡೆಯಿಲ್ಲದೆ ಸೀಲನ್ನೇ ಕಿತ್ತುಹಾಕುತ್ತದೆ. ಆದರೆ ಬಂದವರ ಎಲೆ ತುಂಬದೆ ಬಡಿಸಿ ಗೊತ್ತಿಲ್ಲದ ಸೀಮೆಯ ಮಿಸ್ತ್ರಿ ‘ಇರ್ಲಿ ಬಿಡ್ರಿ, ಇನ್ನೊಂದೀಟು’ ಎಂದು ಡಬ್ಬಿ ಬಗ್ಗಿಸುತ್ತಲೇ ಇರುತ್ತಾನೆ, ಪಂಡಿತನು ಹೊಲದಿಂದ ತಂದು ಮೂರು ಸಲ ತೊಳೆದ ಕೀಟನಾಶಕದ ಅಳತೆಯ ಲೋಟವನ್ನು ಅಡ್ಡ ಹಿಡಿದು ಅವನನ್ನು ತಡೆಯುತ್ತಾನೆ.

ದುರಸ್ತಿಯ ನಂತರದ ಪರೀಕ್ಷೆ ಮಸ್ಕಿಯ ರಸ್ತೆಯಲ್ಲಿ ನಸುಕಿಗೇ ನಡೆಯುತ್ತದೆ. ಅಶೋಕನನ್ನು ಹೆಸರಿಟ್ಟು ಕರೆದುದರಿಂದ ಲೋಕಪ್ರಸಿದ್ಧವಾದ, 1915ರಲ್ಲಿ ಬೆಳಕಿಗೆ ಬಂದ ಶಾಸನವಿರುವ ಬೆಟ್ಟ ಅಲ್ಲಿಯೇ ಇದ್ದು, ಅದರ ಬುಡದವರೆಗೆ ಅವನು ಎಷ್ಟೋ ಸಲ ಹೋಗಿದ್ದರೂ ಕಾರಿನಿಂದಿಳಿದವನು ಮಾಡುವ ಕೆಲಸ ಒಂದೇ, ಮಂಡಿಯೂರಿ ನಾಲ್ಕೂ ಡ್ಯಾಂಪರುಗಳನ್ನು ಮುಟ್ಟಿ ಯಾವುದು ಎಷ್ಟು ಬೆಚ್ಚಗಾಗಿದೆ ಎಂದು ನೋಡುವುದು. ಡ್ಯಾಂಪರ್ ದುಡಿದಿದ್ದರೆ ಬೆಚ್ಚಗಿರಲೇಬೇಕೆಂಬ ತರ್ಕ ಸರಿಯಾದದ್ದೇ. ಬಾಗಿ ನಮಸ್ಕರಿಸುವ ಭಂಗಿಯಲ್ಲಿ ಅವನನ್ನು ಕಂಡ ದಾರಿಹೋಕರು ಶಾಸನದ ಮೇಲೆ ಇಷ್ಟು ಭಕ್ತಿಯುಳ್ಳ ಯುವಕ ಯಾರಿರಬಹುದೆಂದು ಮಾತಾಡಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮನೆಯವರ ಅಭಿಪ್ರಾಯ ಬೇರೆ. ಸವೆದ ಡ್ಯಾಂಪರಿನ ಮೆತ್ತನೆಯ ತೂಗಾಟಕ್ಕೆ ಒಗ್ಗಿಹೋದ ಅಜ್ಜಿ, ದುರಸ್ತಿಯಾದ ಕಾರಿನಲ್ಲಿ ಗಾಂಧಿನಗರದವರೆಗೆ ಹೋಗಿಬಂದು, ಮೊದಲು ತೊಟ್ಟಿಲಿನಂತಿದ್ದ ಗಾಡಿಯನ್ನು ಮೊಮ್ಮಗ ಸಾವಿರಾರು ರೂಪಾಯಿ ಸುರಿದು ಕೆಡಿಸಿಕೊಂಡು ಬಂದನೆಂದು ಓಣಿಯಲ್ಲೆಲ್ಲ ಹೇಳುತ್ತಾಳೆ. ದುರಸ್ತಿ ಸರಿಯಾಗಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡವೆಂದು ಪಂಡಿತ ಹಿಗ್ಗುತ್ತಾನೆ. ಅಲ್ಲಿಂದ ಮುಂದೆ ಕಾರು ಹೊರಗೆ ಬರುವುದು ಅಪರೂಪ, ಏಕೆಂದರೆ ಇಷ್ಟು ಕಷ್ಟಪಟ್ಟು ಸರಿಪಡಿಸಿದ ಡ್ಯಾಂಪರುಗಳನ್ನು ಇಂಥ ರಸ್ತೆಯಲ್ಲಿ ಓಡಿಸಿ ಹಾಳುಮಾಡಲು ಯಾವ ವಿವೇಕಿಗೂ ಮನಸ್ಸು ಬಾರದು. ಅಂಬಾಮಠದ ಜಾತ್ರೆಗೆ ಮನೆಮಂದಿಯೆಲ್ಲ ಗಿರಣಿಯ ಬೊಲೆರೊದಲ್ಲಿ ಹೊರಟಾಗ ಹಿಂದಿನ ಸೀಟಿನ ಮೂಲೆಯಲ್ಲಿ ತಲೆ ಚಾವಣಿಗೆ ಬಡಿಸಿಕೊಳ್ಳುತ್ತ ಕುಳಿತ ಪಂಡಿತ, ಹಿಂಗಾಲಿಯ ಪಟ್ಟಿ ಸ್ಪ್ರಿಂಗುಗಳ ಪಕ್ಕದ ಡ್ಯಾಂಪರುಗಳು ಪೂರ್ತಿ ಸತ್ತಿವೆಯೆಂದೂ ಕೂಡಲೇ ಬಿಚ್ಚಿಸಬೇಕೆಂದೂ ಡ್ರೈವರಿಗೆ ವಿವರವಾಗಿ ತಿಳಿಹೇಳುತ್ತಾನೆ. ಡ್ರೈವರು ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿ, ‘ಈ ಗಾಡಿಗಿ ಅವು ಅದಾವೇನ್ರಿ ಅಣ್ಣಾರ?’ ಎಂದು ಕೇಳಿ, ಹಾಡಿನ ಸದ್ದು ಏರಿಸುತ್ತಾನೆ.