ಮಾವನ ಸಾಣೆ

ಮೊಂಡಾದ ಅಲಗು ಕಂಡರೆ ನಮ್ಮ ಮಾವನವರ ಕೈ ಸುಮ್ಮನಿರುವುದಿಲ್ಲ. ತಿಪಟೂರಿನ ಕಡೆ ತೆಂಗಿನ ತೋಟದವರು. ಮಚ್ಚು, ಕುಡುಗೋಲು, ಈಳಿಗೆಮಣೆ, ಯಾವುದೇ ಇರಲಿ, ಅವರು ಸಾಣೆ ಹಿಡಿದು, ಹೆಬ್ಬೆರಳಲ್ಲಿ ಸವರಿ, 'ಹೂಂ' ಅಂದ ಮೇಲೇ ಆ ಮನೆಯಲ್ಲಿ ಕೆಲಸ ಶುರು. ಅಂಥವರು ಕಳೆದ ಡಿಸೆಂಬರಿನಲ್ಲಿ ನಮ್ಮೂರಿಗೆ ಬಂದಿಳಿದರು. ಪಂಚೆಯೊಳಗೆ ಸುತ್ತಿದ ಈಳಿಗೆಮಣೆ ಮಗಳಿಗೆ, ಸಾಣೆಕಲ್ಲು ತಮಗೆ.

ನಮ್ಮೂರು ಕೆನಡಾದ ಕಿಚನರ್. 'ಅಡುಗೆಯವರ ಊರೇ?' ಎಂದು ಕೇಳಿದರು. ಅಲ್ಲ ಮಾವ, 1916ರವರೆಗೆ ಇದು ಬರ್ಲಿನ್; ಮಹಾಯುದ್ಧದ ಕಾಲದಲ್ಲಿ ಆ ಹೆಸರಿಟ್ಟುಕೊಂಡು ಬದುಕುವುದು ಕಷ್ಟವಾಗಿ ಒಬ್ಬ ಸೇನಾಪತಿಯ ಹೆಸರಿಟ್ಟುಕೊಂಡರು ಎಂದೆ. 'ಊರಿಗೂ ನಾಮಕರಣ ಎರಡೆರಡು ಸಲ' ಎಂದು ಕಾಫಿ ಕುಡಿದರು.

ಒಂಬತ್ತು ವರ್ಷದ ನನ್ನ ಮಗಳು ಐಸ್ ಹಾಕಿ ಆಡುತ್ತಾಳೆ. ಅಂದರೆ ನಾನು ಬೆಳಗಿನ ಜಾವ ಐದಕ್ಕೆ ಎದ್ದು, ಮಂಜು ಕೆರೆದು, ಕಾರು ಓಡಿಸುತ್ತೇನೆ. ಉಳಿದದ್ದು ಅವಳು ಮಾಡುತ್ತಾಳೆ. ಆ ವಾರ ಅವಳು ಸ್ಕೇಟಿಗೆ ಪ್ಲಾಸ್ಟಿಕ್ ಕವಚ ಹಾಕದೆ ಪಾರ್ಕಿಂಗ್ ಜಾಗದ ಸಿಮೆಂಟಿನ ಮೇಲೆ ಟಕಟಕ ನಡೆದಿದ್ದಳು. ನಾನೇನು ಕಡಿಮೆ? ಬ್ಲೇಡು ಒರೆಸದೆ, ಒದ್ದೆ ಕಾಲುಚೀಲದ ಜೊತೆ ಚೀಲದಲ್ಲಿ ತುರುಕಿ, ನಾಲ್ಕು ದಿನ ಮರೆತಿದ್ದೆ. (ಹಾಕಿ ಚೀಲದ ವಾಸನೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ; ಓದುವವರು ಊಟಕ್ಕೆ ಕೂತಿರಬಹುದು.) ತೆರೆದಾಗ ಬ್ಲೇಡಿನ ಉದ್ದಕ್ಕೂ ತುಕ್ಕು, ಅಂಚಿನಲ್ಲಿ ಎರಡು ಮುಕ್ಕು. ಸಾಲದ್ದಕ್ಕೆ ಬ್ಲೇಡು ಹಿಡಿದಿಡುವ ಹೋಲ್ಡರಿನ ಒಂದು ರಿವೆಟ್ ಬಿದ್ದುಹೋಗಿ, ಹಿಮ್ಮಡಿ ಗಡಗಡ ಅಲ್ಲಾಡುತ್ತಿತ್ತು.

'ಅಂಗಡಿಗೆ ಕೊಡೋಣ' ಎಂದೆ.

'ಕಬ್ಬಿಣಕ್ಕೆ ಸಾಣೆ ಹಿಡಿಯೋಕೆ ಡಾಲರ್ ಕೊಡ್ತೀರಾ ಅಳಿಯಂದಿರೇ?' ಎಂದವರೇ ಗ್ಯಾರೇಜಿಗೆ ಇಳಿದರು. ಎರಡು ಸಂಜೆ ಸರ್‌ಸರ್ ಸದ್ದು. ಮೂರನೆಯ ದಿನ ಹೊರಬಂದ ಬ್ಲೇಡು ಹೇಗಿತ್ತೆಂದರೆ, ಅದರಲ್ಲಿ ಹಾಗಲಕಾಯಿ ಹೆಚ್ಚಬಹುದಿತ್ತು. ಹೆಬ್ಬೆರಳಲ್ಲಿ ಸವರಿದರು. 'ಹೂಂ.'

ನಾನೂ ಮೆಚ್ಚಿಕೊಂಡೆ. ಎಂಜಿನಿಯರಿಂಗ್ ಓದಿದ್ದೇನೆ, ನನಗೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ರಿಂಕಿಗೆ ಇಳಿದ ಮಗಳು ಬಲಗಾಲು ಒತ್ತಿದಳು. ಮುಂದೆ ಹೋಗಬೇಕಾದ ಹುಡುಗಿ ಪಕ್ಕಕ್ಕೆ ಹೋದಳು. ಎಡಗಾಲು ಒತ್ತಿದಳು, ಆಗ ತಾನೇ ಹುಟ್ಟಿದ ಕರುವಿನ ಹಾಗೆ ನಾಲ್ಕೂ ಕಡೆ ಕಾಲು ಚೆಲ್ಲಿ ಕೂತಳು. ಗಾಜಿನಾಚೆಯಿಂದ ನಮ್ಮಿಬ್ಬರನ್ನೂ ನೋಡಿದ ನೋಟಕ್ಕೆ ಮಾವನವರು ಮಫ್ಲರ್ ಸರಿಮಾಡಿಕೊಂಡರು.

ಕೊನೆಗೂ ಅಂಗಡಿಗೆ ಹೋದೆವು. ರಿಪೇರಿ ಮಾಡುವ ಮುದುಕಪ್ಪ ಬ್ಲೇಡನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ. ಹೆಣ ಪರೀಕ್ಷಿಸುವ ಡಾಕ್ಟರ ಮುಖ. 'ಯಾರು ಮಾಡಿದ್ದು?' ಎಂದ. ನಾನು ಮಾವನವರನ್ನು ನೋಡಿದೆ. ಅವರು ಗೋಡೆಯ ಮೇಲಿನ ಹಾಕಿ ಕೋಲುಗಳನ್ನು ಎಣಿಸುತ್ತಿದ್ದರು.

ಆತ ಬಿಡಿಸಿ ಹೇಳಿದ. ಚಾಕುವಿಗೆ ಒಂದು ಅಂಚು, ಸ್ಕೇಟಿಗೆ ಎರಡು. ಸುಮಾರು ಮೂರು ಮಿಲಿಮೀಟರ್ ದಪ್ಪದ ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ಹಳ್ಳ ಕೊರೆದಿರುತ್ತದೆ. ಹಳ್ಳದ ಎರಡು ದಂಡೆಗಳೇ ಒಳ ಅಂಚು, ಹೊರ ಅಂಚು. ಮಂಜನ್ನು ಕಚ್ಚುವುದು ಅವು. ಸಾಣೆಚಕ್ರದ ಬಾಯನ್ನು ವಜ್ರದ ಮೊನೆಯಿಂದ ದುಂಡಗೆ ತಿದ್ದಿ ಆ ಹಳ್ಳ ಕೊರೆಯುತ್ತಾರೆ. ಆ ದುಂಡಿನ ತ್ರಿಜ್ಯ ಸಾಮಾನ್ಯವಾಗಿ ಅರ್ಧ ಇಂಚು. ತ್ರಿಜ್ಯ ಕಡಿಮೆಯಾದರೆ ಹಳ್ಳ ಆಳ, ಹಿಡಿತ ಜಾಸ್ತಿ. ಹೆಚ್ಚಾದರೆ ಹಳ್ಳ ಮೇಲುಮೇಲೆ, ಜಾರಿಕೆ ಸಲೀಸು. ಮಾವನವರು ಎರಡು ಸಂಜೆ ಬೆವರು ಸುರಿಸಿ ಎರಡು ದಂಡೆಯನ್ನೂ ಸವೆಸಿ, ಹಳ್ಳವಿದ್ದಲ್ಲಿ ಗುಡ್ಡ ಮಾಡಿದ್ದರು.

ಸಾಣೆಗೆ ವಜ್ರ ಎಂಬ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೆಂಡತಿಗೆ ಕಿವಿಯೋಲೆ ಬಾಕಿಯಿದೆ.

ಹೊಸ ಸ್ಕೇಟೇ ಕೊಳ್ಳಿ ಅನ್ನುತ್ತಾನೆ ಎಂದುಕೊಂಡಿದ್ದೆ. ಆತ ಬೂಟನ್ನು ಒತ್ತಿ ನೋಡಿ, 'ಬೂಟು ಗಟ್ಟಿಯಿದೆ, ಬ್ಲೇಡು ಮಾತ್ರ ಬದಲಾಯಿಸೋಣ' ಎಂದ. ಕನ್ನಡದಲ್ಲಿ ಹೇಳಿದಾಗ ಮಾವನವರ ಮುಖ ಅರಳಿತು. 'ಕಾವು ಹಳೇದು, ಗುದ್ದಲಿ ಹೊಸದು. ನಮ್ಮಲ್ಲೂ ಹಂಗೇ.' ಮುಂದಿನದನ್ನು ಸ್ಟೂಲು ಎಳೆದು ಕೂತೇ ನೋಡಿದರು. ಆತ ಸಡಿಲ ರಿವೆಟ್‌ಗಳನ್ನು ಕೊರೆದು ತೆಗೆದ. ತಾಮ್ರದವು ಹಸಿರು ಹಿಡಿದಿದ್ದವು. ('ಹುಣಸೆಹಣ್ಣು ಹಾಕಿ ತಿಕ್ಕಬೇಕಿತ್ತು.') ಹೊಸವನ್ನು ಕೂರಿಸಿ ಯಂತ್ರದಲ್ಲಿ ಒತ್ತಿದಾಗ ಬಂದ 'ಟಕ್' ಸದ್ದಿಗೆ ಮಾವನವರು ತಲೆದೂಗಿದರು, ಕಚೇರಿಯಲ್ಲಿ ಮೃದಂಗದ ಮುಕ್ತಾಯಕ್ಕೆ ತೂಗುವಂತೆ.

ಬ್ಲೇಡನ್ನು ಬೂಟಿಗೇ ಕಾಯಮ್ಮಾಗಿ ಕೂರಿಸಿದ ಸ್ಕೇಟನ್ನು ಬಾವರ್ ಕಂಪನಿ ಶುರುಮಾಡಿದ್ದು ಇದೇ ಊರಲ್ಲಿ ಎಂದು ಮುದುಕಪ್ಪ ಹೆಮ್ಮೆಯಿಂದ ಹೇಳಿದ. ಅದಕ್ಕೆ ಮುಂಚೆ ಜನ ಬ್ಲೇಡನ್ನು ಮಾಮೂಲಿ ಬೂಟಿಗೆ ಪಟ್ಟಿಯಿಂದಲೋ ತಿರುಪಿನಿಂದಲೋ ಬಿಗಿದುಕೊಂಡು ಜಾರುತ್ತಿದ್ದರಂತೆ. ಬಾವರ್ ಮನೆತನದ್ದು ಮೊದಲಿಗೆ ಬೂಟಿನ ಕಾರ್ಖಾನೆ. 'ಹಂಗಂದ್ರೆ ಇದು ಮೆಟ್ಟು ರಿಪೇರಿನೇ!' ಎಂದು ಮಾವನವರು ನಿಟ್ಟುಸಿರು ಬಿಟ್ಟರು. ಮೆಟ್ಟು ಎಂದು ಮೊದಲೇ ಹೇಳಿದ್ದರೆ ತಾವು ಕೈಯೇ ಹಾಕುತ್ತಿರಲಿಲ್ಲವೆಂಬ ಅರ್ಥ ಅದರಲ್ಲಿತ್ತು.

ಹೊಸ ಬ್ಲೇಡಿಗೆ ಹಳ್ಳ ಕೊರೆದ ಮೇಲೆ ಆತ ಅದರ ಮೇಲೆ ಅಡ್ಡಡ್ಡ ಒಂದು ನಾಣ್ಯ ಇಟ್ಟ. ನಾಣ್ಯ ಓರೆಯಾದರೆ ಒಂದು ಅಂಚು ಎತ್ತರ, ಇನ್ನೊಂದು ತಗ್ಗು. ಆಮೇಲೆ ಉಗುರನ್ನು ಅಂಚಿಗೆ ತಾಗಿಸಿ ಎಳೆದ. ಸಣ್ಣಗೆ ಉಗುರಿನ ಪುಡಿ ಎದ್ದಿತು. ಮಾವನವರೂ ತಮ್ಮ ಉಗುರು ಕೊಟ್ಟು ನೋಡಿದರು.

'ಹೂಂ' ಎಂದರು, ಇಬ್ಬರೂ ಒಟ್ಟಿಗೆ.

ಮರುದಿನ ಬೆಳಗ್ಗೆ ಮಾವನವರು ಕಾಣಲಿಲ್ಲ. ಅಡುಗೆಮನೆಯಲ್ಲಿ ಈಳಿಗೆಮಣೆಯೂ ಇರಲಿಲ್ಲ. ಎದೆ ಧಸಕ್ಕೆಂದಿತು: ಪಂಚೆಯಲ್ಲಿ ಆಯುಧ ಸುತ್ತಿಕೊಂಡು, ಮಂಕಿಕ್ಯಾಪ್ ಹಾಕಿಕೊಂಡು ಈ ಊರಿನ ರಸ್ತೆಯಲ್ಲಿ ಒಬ್ಬರೇ! ಕಾರು ತೆಗೆದುಕೊಂಡು ಓಡಿದೆ. ಅಂಗಡಿಯಲ್ಲಿ ಈಳಿಗೆಮಣೆ ಮೇಜಿನ ಮೇಲೆ ಬಾಗಿದ ಕತ್ತೆತ್ತಿ ಕೂತಿತ್ತು. ಮಾವನವರು ಕೈಸನ್ನೆಯಲ್ಲಿ ಸೋರೆಕಾಯಿ ಹೆಚ್ಚಿ ತೋರಿಸುತ್ತಿದ್ದರು. ಮುದುಕಪ್ಪ ಕನ್ನಡಕ ಏರಿಸಿ ಅಲಗನ್ನು ಮೇಲೆ ಕೆಳಗೆ ನೋಡಿದ, ನನ್ನತ್ತ ತಿರುಗಿದ, ಮುಖದಲ್ಲಿ ಒಂದೇ ಒಂದು ಗೆರೆ ಕದಲಿಸದೆ ಕೇಳಿದ:

'ಇದು ಎಡಗಾಲಿನದೋ, ಬಲಗಾಲಿನದೋ?'