ಕೈ ಮೇಲೆ ನಿಂತ ರಾಯರು

"ವಾರಕ್ಕೆ ಎಷ್ಟು ಸಲ ಮಾಡ್ತೀರಿ? ಒಂದು ಸಲಕ್ಕೆ ಎಷ್ಟು ಹೊತ್ತು?"

ರಾಯರು ಇದನ್ನು ಯಾರನ್ನು ಬೇಕಾದರೂ ಕೇಳುತ್ತಾರೆ. ಲಿಫ್ಟಿನಲ್ಲಿ ಸಿಕ್ಕಿದ ಆಡಿಟರನ್ನು, ಊರಿಂದ ಮೊನ್ನೆ ಬಂದಿಳಿದು ಸಿಪಿಆರ್ ಗುರುತಿನ ಕಾರ್ಡೂ ಕೈಗೆ ಸಿಗದ ಹುಡುಗನನ್ನು, ಮದುವೆ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರನ್ನು. ಎಂತದನ್ನು ಎಷ್ಟು ಸಲ ಎಂದು ಎದುರಿನವರು ಕಕ್ಕಾಬಿಕ್ಕಿಯಾಗಿ ನೋಡುವಾಗ ವಿವರವೂ ಅವರಿಂದಲೇ ಬರುತ್ತದೆ. "ಹ್ಯಾಂಡ್‌ಸ್ಟ್ಯಾಂಡ್ ಮಾರಾಯ್ರೆ! ಕೈ ಮೇಲೆ ನಿಲ್ಲುದು. ಮಾಡುದಿಲ್ವಾ? ಹಾಗಾದ್ರೆ ಸುರು ಮಾಡಿ."

ಗಲ್ಫಿನ ಯಾವ ಊರಿಗೆ ಹೋದರೂ ನಮ್ಮವರ ನಡುವೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ಒಬ್ಬರದು ಮೆಂತೆ ನೀರು, ಒಬ್ಬರದು ಹತ್ತು ಸಾವಿರ ಹೆಜ್ಜೆ, ಇನ್ನೊಬ್ಬರದು ಹದಿನಾರು ಗಂಟೆ ಉಪವಾಸ. ಇವರಿಗೆಲ್ಲ ಶುಗರ್ ರಿಪೋರ್ಟು ಕೈಗೆ ಬಂದ ದಿನ ಜ್ಞಾನೋದಯವಾಗಿರುತ್ತದೆ. ರಾಯರಿಗೆ ಜ್ಞಾನೋದಯವಾದದ್ದು ಕಾರು ನಿಲ್ಲಿಸಲು ಜಾಗ ಸಿಗದೆ.

ಅವರ ಆಫೀಸಿದ್ದ ಬಹ್ರೈನಿನ ಡಿಪ್ಲೊಮ್ಯಾಟಿಕ್ ಏರಿಯಾ ಮನಾಮಾದ ಅಂಚಿನಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ. ಹೆಸರು ಕೇಳಿ ಕೋಟು ತೊಟ್ಟ ರಾಯಭಾರಿಗಳನ್ನು ಕಲ್ಪಿಸಿಕೊಂಡವರಿಗೆ ಅಲ್ಲಿ ಹೆಚ್ಚಾಗಿ ಕಾಣುವುದು ಬ್ಯಾಂಕು, ವಿಮಾ ಕಂಪನಿ, ವಕೀಲರ ಆಫೀಸು, ಸರಕಾರಿ ಕಟ್ಟಡ. 1975ರಲ್ಲಿ ಬಹ್ರೈನ್ ವಿದೇಶಿ ಬ್ಯಾಂಕುಗಳ ಆಫ್‌ಶೋರ್ ಶಾಖೆಗಳಿಗೆ ಪರವಾನಗಿ ಕೊಡಲು ತೊಡಗಿದ ಮೇಲೆ ಲೆಕ್ಕ ಬಲ್ಲ ನಮ್ಮವರಿಗೆ ಇಲ್ಲಿ ಕಾಲಿಡಲು ಜಾಗ ಸಿಕ್ಕಿತು, ಕಾರಿಡಲು ಸಿಗಲಿಲ್ಲ. ಏಳರೊಳಗೆ ಬಂದವರಿಗೆ ಧೂಳಿನ ಖಾಲಿ ಸೈಟು, ಏಳೂವರೆಗೆ ಬಂದವರಿಗೆ ಕಾಸು ನುಂಗುವ ಮೀಟರು, ಎಂಟಕ್ಕೆ ಬಂದವರಿಗೆ ನ್ಯಾಷನಲ್ ಮ್ಯೂಸಿಯಂ ತನಕ ಪ್ರದಕ್ಷಿಣೆ.

ರಾಯರು ಪುತ್ತೂರು ಕಡೆಯವರು, ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಹಳೆ ತಲೆ. ಮೀಟರಿಗೆ ಕಾಸು ಹಾಕುವ ಜಾತಿ ಅಲ್ಲ. ಆರೂ ಮುಕ್ಕಾಲಿಗೆಲ್ಲ ಬಂದು ಸೈಟಿನಲ್ಲಿ ಕಾರು ನಿಲ್ಲಿಸಿಬಿಡುತ್ತಾರೆ. ಆಫೀಸು ತೆರೆಯುವುದು ಎಂಟಕ್ಕೆ. ನಡುವಿನ ಒಂದೂ ಕಾಲು ಗಂಟೆಯನ್ನು ಈ ಏರಿಯಾದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಕಳೆಯುತ್ತಾರೆ. ಕೆಲವರು ಸೀಟು ಹಿಂದಕ್ಕೆ ಮಾಡಿ ಗೊರಕೆ ಹೊಡೆಯುತ್ತಾರೆ. ಕೆಲವರು ಊರಿಗೆ ಫೋನು ಹಚ್ಚಿ ಅಡಿಕೆ ರೇಟು ಕೇಳುತ್ತಾರೆ. ಅಲ್ಲಿ ಆಗಲೇ ಒಂಬತ್ತೂ ಕಾಲು, ತಿಂಡಿ ಮುಗಿದಿರುತ್ತದೆ. ರಾಯರು ಮೊದಮೊದಲು ಸಮುದ್ರದ ಬದಿ ನಡೆಯುತ್ತಿದ್ದರು. ಜೂನ್ ಬಂತು. ಇಲ್ಲಿಯ ಬೇಸಗೆ ಬಿಸಿಲಿಗಿಂತ ಸೆಕೆಯಲ್ಲಿ ಕೊಲ್ಲುತ್ತದೆ. ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಸುಕಾಗುತ್ತದೆ. ಹಾಗೆ ಅವರು ಒಳಗೆ ಸೇರಿದರು. ನಾಲ್ಕನೇ ಮಹಡಿ, ಪ್ಯಾಂಟ್ರಿಯ ಹಿಂದೆ ಹಳೆ ಫೈಲುಗಳ ಕೋಣೆ, ಅದರ ಮುಂದೆ ಒಂದು ಖಾಲಿ ಗೋಡೆ. ಫೋನಿನಲ್ಲಿ ಯಾರೋ ರಷ್ಯದ ಹುಡುಗಿ ಕೈ ಮೇಲೆ ನಿಂತ ವಿಡಿಯೊ. ಎರಡೂ ಒಂದೇ ಬೆಳಿಗ್ಗೆ ಕಣ್ಣಿಗೆ ಬಿದ್ದವು.

ತಯಾರಿಯನ್ನು ನೋಡಬೇಕು. ಶೂ ಬಿಚ್ಚಿ ಜೋಡಿಸಿಡುತ್ತಾರೆ. ಎಡಗಾಲಿನ ಶೂ ಒಳಗೆ ಕಾಲುಚೀಲ. ಬಲಗಾಲಿನದರ ಒಳಗೆ ಕಾರಿನ ಕೀ, ಸಿಪಿಆರ್ ಕಾರ್ಡು, ಜೇಬಿನ ನೂರು ಫಿಲ್ಸ್ ನಾಣ್ಯಗಳು. ಮೊದಲ ದಿನ ಕಾಲು ಮೇಲೆತ್ತಿದಾಗ ಇವೆಲ್ಲ ಮೂಗಿನ ಮೇಲೆ ಸುರಿದಿದ್ದವಂತೆ. ಪ್ಯಾಂಟಿನ ಕಾಲು ಮೊಣಕಾಲಿಗೆ ಜಾರದಂತೆ ವೋಚರ್ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡು, ಕಾಲಿಗೆ ಎರಡೆರಡು. ಟೈಯನ್ನು ಶರ್ಟಿನ ಎರಡನೇ ಗುಂಡಿಯ ಸಂದಿಯೊಳಗೆ ತುರುಕುತ್ತಾರೆ. ಆಮೇಲೆ ಮಣಿಕಟ್ಟನ್ನು ಈಚೆ ಹತ್ತು ಸುತ್ತು, ಆಚೆ ಹತ್ತು ಸುತ್ತು. ಗೋಡೆಗೆ ಬೆನ್ನು ಹಾಕಿ ಬಗ್ಗಿ, ಕೈಯೂರಿ, ಪಾದಗಳನ್ನು ಗೋಡೆಯ ಮೇಲೆ ಒಂದೊಂದೇ ಹೆಜ್ಜೆ ಏರಿಸುತ್ತ ಹೋಗುತ್ತಾರೆ. ಎದೆ ಗೋಡೆಗೆ, ಕಾಲ್ಬೆರಳು ಗೋಡೆಗೆ. ನೆಲದ ಟೈಲ್ಸ್ ಮೇಲೆ ಅಗಲಿಸಿಟ್ಟ ಬೆರಳುಗಳ ಉಗುರು ಬಿಳಿಚಿಕೊಳ್ಳುತ್ತದೆ, ಕಿವಿ ಕೆಂಪಾಗುತ್ತದೆ. ಟೀ ಮಾಡುವ ಆಫೀಸ್ ಬಾಯ್ ಫೋನು ಹಿಡಿದು ಎಣಿಸುತ್ತಾನೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಇಳಿಯುತ್ತಾರೆ. ಇಡೀ ದಿನದಲ್ಲಿ ರಾಯರು ಬಾಯಿ ಮುಚ್ಚಿಕೊಂಡಿರುವ ಹೊತ್ತು ಇದೊಂದೇ.

ಅವರ ಶಾಸ್ತ್ರ ಗಟ್ಟಿಯಾದದ್ದು, ಅದನ್ನು ಒಪ್ಪಬೇಕು. "ಶುಕ್ರವಾರ ಒಂದು ಗಂಟೆ ಮಾಡಿ ಆರು ದಿನ ಮಲಗಿದ್ರೆ ಎಂತ ಪ್ರಯೋಜನ? ದಿನಕ್ಕೆ ಹತ್ತು ಹದಿನೈದು ನಿಮಿಷ, ವಾರಕ್ಕೆ ನಾಲ್ಕೈದು ದಿನ. ಅದರಲ್ಲೂ ಕೈ ಮೇಲೆ ಇರುದು ಮೂರು ನಾಲ್ಕು ನಿಮಿಷ ಮಾತ್ರ. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಸೆಕೆಂಡು, ನಡುವೆ ಒಳ್ಳೆ ವಿಶ್ರಾಂತಿ. ಇದು ತಾಕತ್ತಿನ ಕೆಲಸ ಅಲ್ಲ, ಹದದ ಕೆಲಸ. ದಣಿದ ಮೈಯಲ್ಲಿ ಮಾಡಿದ್ರೆ ಮೈ ತಪ್ಪನ್ನೇ ಕಲಿತದೆ. ಮುಂದೆ ವಾಲಿದ್ರೆ ಬೆರಳ ತುದಿಯಿಂದ ಬ್ರೇಕು, ಹಿಂದೆ ಬಂದ್ರೆ ಅಂಗೈಯ ಬುಡದಿಂದ. ಮಾಂಸಖಂಡ ತಿಂಗಳಲ್ಲಿ ಗಟ್ಟಿಯಾಗ್ತದೆ, ಮಣಿಕಟ್ಟಿನ ಸ್ನಾಯುರಜ್ಜು ಹಾಗಲ್ಲ, ನಿಧಾನ. ಅವಸರ ಮಾಡಿದವರೆಲ್ಲ ಕೈಗೆ ಪಟ್ಟಿ ಸುತ್ತಿಕೊಂಡವರೇ. ಬೀಳುವುದನ್ನು ಮೊದಲು ಕಲೀಬೇಕು, ಪಕ್ಕಕ್ಕೆ ಹೊರಳಿ ಕಾಲಿಳಿಸುದು. ಮುಖ್ಯ ಮಾತು ಗೊತ್ತುಂಟಾ? ದಣಿಯುವ ಮೊದಲೇ ನಿಲ್ಲಿಸಬೇಕು. ಇನ್ನೊಂದು ಸಲ ಆಗ್ತದೆ ಅಂತ ಕಂಡಾಗಲೇ ಸಾಕು ಮಾಡಬೇಕು."

ಒಂದು ಅಕ್ಷರ ತಪ್ಪಿಲ್ಲ. ತರಬೇತಿ ಕೊಡುವವರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ತೊಂದರೆ ಏನೆಂದರೆ, ಈ ಕೊನೆಯ ಮಾತಿಗೆ ಬರಲು ರಾಯರಿಗೆ ಮುಕ್ಕಾಲು ಗಂಟೆ ಬೇಕು. ಬಂದ ಮೇಲೆ ಮೊದಲಿನಿಂದ ಇನ್ನೊಂದು ಆವೃತ್ತಿ. ಕರಕ್ ಚಾ ತಣ್ಣಗಾಗಿ ಕೆನೆ ಕಟ್ಟಿ, ಕೇಳುವವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿರುತ್ತಾನೆ. ಮೂವತ್ತು ಸೆಕೆಂಡಿನ ಮಿತಿ ಕೈಗೆ ಮಾತ್ರ, ನಾಲಿಗೆಗೆ ಆ ನಿಯಮ ಇಲ್ಲ.

ವಾರಕ್ಕೆ ಐದೇ ದಿನ ಯಾಕೆ ಎಂದು ಕೇಳಿದರೆ ಸ್ನಾಯುರಜ್ಜುವಿಗೆ ಎರಡು ದಿನ ಬಿಡುವು ಬೇಕು ಎನ್ನುತ್ತಾರೆ. ಭಾನುವಾರದಿಂದ ಗುರುವಾರದವರೆಗೆ ಸಾಧನೆ, ಶುಕ್ರ-ಶನಿ ವಿಶ್ರಾಂತಿ. ಬಹ್ರೈನಿನಲ್ಲಿ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಸರಿದದ್ದು 2006ರಲ್ಲಿ. ಅದಕ್ಕೆ ಮೊದಲು ಕೈ ಮೇಲೆ ನಿಲ್ಲುತ್ತಿದ್ದರೆ ರಾಯರ ಸ್ನಾಯುರಜ್ಜು ಗುರುವಾರವೇ ಬಿಡುವು ಕೇಳುತ್ತಿತ್ತು ಎಂಬುದು ನನ್ನ ಗುಮಾನಿ. ರಂಜಾನ್ ತಿಂಗಳಲ್ಲಿ ಕೆಲಸದ ಹೊತ್ತು ಕಡಿಮೆ, ಪಾರ್ಕಿಂಗ್ ಸಲೀಸು. ಆ ತಿಂಗಳು ಸಾಧನೆಯೂ ಇಳಿಮುಖ. "ಉಪವಾಸ ಇರುವವರ ಎದುರು ಚೆಂದ ಕಾಣುದಿಲ್ಲ" ಎನ್ನುತ್ತಾರೆ.

ಮನೆಯಲ್ಲಿ ಅವರು ಇದರ ಸುದ್ದಿಗೇ ಹೋಗುವುದಿಲ್ಲ. ಅವರ ಹೆಂಡತಿ ಒಮ್ಮೆ ಮಜ್ಜಿಗೆ ಬಡಿಸುತ್ತ ಹೇಳಿದರು: "ಇವರು ಅಲ್ಲಿ ಕೈ ಮೇಲೆ ನಿಲ್ತಾರಂತೆ. ಇಲ್ಲಿ ಒಂದು ಬಲ್ಬ್ ಹಾಕಿ ಅಂದ್ರೆ ಭುಜ ಮೇಲೆ ಬರುದಿಲ್ಲ ಅಂತಾರೆ." ರಾಯರು ಅನ್ನ ಕಲಸುತ್ತ ಭುಜದ ಕೀಲಿನ ವಿಷಯಕ್ಕೆ ಹೊರಳಿದರು.

ಕರ್ನಾಟಕದ ಹೆಸರು ಬಂದರೆ ರಾಯರ ಎದೆ ಉಬ್ಬುತ್ತದೆ. ಇದೇ ಭಂಗಿಯನ್ನು ಅಧೋಮುಖ ವೃಕ್ಷಾಸನ ಎಂದು 1966ರಲ್ಲಿ 'ಲೈಟ್ ಆನ್ ಯೋಗ' ಪುಸ್ತಕದ ಮೂಲಕ ಲೋಕಕ್ಕೆಲ್ಲ ತೋರಿಸಿಕೊಟ್ಟ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮವರು. ಅವರ ಗುರು, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯರೂ ನಮ್ಮವರು. ಅಷ್ಟಾಂಗ ಯೋಗದ ಪಟ್ಟಾಭಿ ಜೋಯಿಸರೂ ನಮ್ಮವರೇ. ಅವರ ಪದ್ಧತಿಯಲ್ಲಿ ವಾರಕ್ಕೆ ಆರು ದಿನ ಅಭ್ಯಾಸ, ಹುಣ್ಣಿಮೆ ಅಮಾವಾಸ್ಯೆಗೆ ರಜೆ. ಇಷ್ಟು ಹೇಳುವಷ್ಟರಲ್ಲಿ ರಾಯರ ಮುಖ ಸ್ವಲ್ಪ ಸಪ್ಪೆಯಾಗುತ್ತದೆ. ಒಬ್ಬರು ಕೋಲಾರದ ಬೆಳ್ಳೂರು, ಒಬ್ಬರು ಚಿತ್ರದುರ್ಗದ ಕಡೆ, ಒಬ್ಬರು ಹಾಸನದ ಕೌಶಿಕ. ಮೂವರೂ ಘಟ್ಟದ ಮೇಲಿನವರು! ಘಟ್ಟದ ಕೆಳಗೆ ಒಬ್ಬರೂ ಇಲ್ಲವೇ? ಈ ಕೊರಗನ್ನು ತೆಂಕುತಿಟ್ಟಿನಿಂದ ತುಂಬಿಕೊಳ್ಳುತ್ತಾರೆ. "ನಮ್ಮ ಯಕ್ಷಗಾನದ ಧಿಗಿಣ ನೋಡಿದ್ದೀರಾ? ಬೆಳಿಗ್ಗಿನ ತನಕ ಹಾರುದು. ನಮಗೆ ಇದೆಲ್ಲ ರಕ್ತದಲ್ಲೇ ಉಂಟು." ಧಿಗಿಣ ಹಾಕುವವರು ಕಾಲ ಮೇಲೆ ಹಾರುತ್ತಾರೆ ಎಂದು ನಾನು ಹೇಳಲು ಹೋಗಲಿಲ್ಲ. ಹೇಳಿದ್ದರೆ ಇನ್ನೊಂದು ಮುಕ್ಕಾಲು ಗಂಟೆ.

ಒಂದು ವಿಷಯದಲ್ಲಿ ಅವರ ಮೇಲೆ ನನಗೆ ನಿಜವಾದ ಗೌರವ. ಅವರ ಮ್ಯಾನೇಜರು, ರಕ್ತದೊತ್ತಡಕ್ಕೆ ಮಾತ್ರೆ ತಿನ್ನುವವರು, ಒಂದು ದಿನ ಉತ್ಸಾಹದಿಂದ ಶೂ ಬಿಚ್ಚಿದರು. ಇಂಕ್ರಿಮೆಂಟಿನ ತಿಂಗಳು. ಬೇರೆ ಯಾರಾದರೂ ಆಗಿದ್ದರೆ ಕಾಲು ಹಿಡಿದು ಎತ್ತಿಯೇ ಬಿಡುತ್ತಿದ್ದರು. ರಾಯರು ಖಡಾಖಂಡಿತವಾಗಿ ಬೇಡ ಎಂದರು. ಬಿ.ಪಿ. ಇದ್ದವರು ಡಾಕ್ಟರನ್ನು ಕೇಳದೆ ತಲೆಕೆಳಗಾಗಬಾರದು. ಗ್ಲಾಕೋಮಾ ಇದ್ದವರಂತೂ ಹತ್ತಿರವೂ ಸುಳಿಯಬಾರದು, ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಇಮ್ಮಡಿಯ ಹತ್ತಿರ ಏರುತ್ತದೆ ಎಂದು ವಿವರಿಸಿದರು. ಮ್ಯಾನೇಜರು ಶೂ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಕೂತದ್ದೇ ತಪ್ಪಾಯಿತು, ಒಂಬತ್ತೂವರೆಯ ಮೀಟಿಂಗು ಹತ್ತೂ ಕಾಲಿಗೆ ಶುರುವಾಯಿತು.

ಮೂವತ್ತು ಎಣಿಸುವ ಆಫೀಸ್ ಬಾಯ್, ಗೋಡೆಯ ಮೇಲಿನ ಹತ್ತು ಕಾಲ್ಬೆರಳಿನ ಗುರುತುಗಳನ್ನು ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸುವವನು, ಒಂದು ದಿನ ಟ್ರೇ ಕೆಳಗಿಟ್ಟು, ಗೋಡೆಯ ಗೊಡವೆಯೇ ಇಲ್ಲದೆ, ಕೈ ಮೇಲೆ ನಿಂತು ಪ್ಯಾಂಟ್ರಿಯಿಂದ ಫೋಟೊಕಾಪಿ ಯಂತ್ರದವರೆಗೆ ನಡೆದುಕೊಂಡು ಹೋಗಿ ಬಂದ. ಚಿಕ್ಕಂದಿನಲ್ಲಿ ತೋಡಿನ ಬದಿ ಹುಡುಗರೆಲ್ಲ ಹೀಗೆ ನಡೆಯುತ್ತಿದ್ದರಂತೆ. ವಾರಕ್ಕೆ ಎಷ್ಟು ಸಲ ಎಂದು ಯಾರೂ ಕೇಳಿದವರಿಲ್ಲ. ರಾಯರು ಕನ್ನಡಕ ಒರೆಸಿ ಹಾಕಿಕೊಂಡು ತೀರ್ಪು ಕೊಟ್ಟರು: "ಬೆನ್ನು ಬಾಳೆಹಣ್ಣು. ಲೈನ್ ಇಲ್ಲ. ಮೊದಲಿಂದ ತಿದ್ದಬೇಕು."

ಜೂನ್ 21ರ ಯೋಗ ದಿನಕ್ಕೆ ನಮ್ಮವರ ಒಂದು ಕಾರ್ಯಕ್ರಮದಲ್ಲಿ ಅವರಿಗೆ ಹತ್ತು ನಿಮಿಷದ ಪ್ರಾತ್ಯಕ್ಷಿಕೆ. ಎಂಟು ನಿಮಿಷ ಮಣಿಕಟ್ಟಿಗೆ ಹೋಯಿತು. ನಿರೂಪಕಿಯ ಮೊದಲ ಚೀಟಿ ಬಂದಾಗ ಕೃಷ್ಣಮಾಚಾರ್ಯರು ಮೈಸೂರಿಗೆ ಬಂದಿದ್ದರು, ಎರಡನೆಯದಕ್ಕೆ ಮಾತು ಘಟ್ಟ ಇಳಿಯುತ್ತಿತ್ತು. ಮೂರನೆಯದಕ್ಕೆ ರಾಯರು ಶೂ ಬಿಚ್ಚಿ, ರಬ್ಬರ್ ಬ್ಯಾಂಡು ಹಾಕಿ, ತಿರುಗಿ ನೋಡುತ್ತಾರೆ: ಹಿಂದೆ ಗೋಡೆ ಇಲ್ಲ. ಪ್ರಾಯೋಜಕರ ಫೋಟೊಗಳಿದ್ದ ಬಟ್ಟೆಯ ಬ್ಯಾನರು, ಅದರ ಹಿಂದೆ ಕ್ಯಾಟರಿಂಗಿನವರು. ಆಗಲೇ ಸಾಂಬಾರಿನ ಪರಿಮಳ. "ಪ್ರಾತ್ಯಕ್ಷಿಕೆಗಿಂತ ತಿಳಿವಳಿಕೆ ಮುಖ್ಯ" ಎಂದರು. ಜೋರು ಚಪ್ಪಾಳೆ ಬಿತ್ತು. ಜನ ತಟ್ಟೆಯ ಕಡೆ ಓಡಿದರು.

ಕಳೆದ ವರ್ಷ ಆಫೀಸು ಡಿಪ್ಲೊಮ್ಯಾಟಿಕ್ ಏರಿಯಾ ಬಿಟ್ಟು ಸೀಫ್ ಕಡೆಗೆ ಹೋಯಿತು. ಹೊಸ ಕಟ್ಟಡ, ಬೇಸ್‌ಮೆಂಟಿನಲ್ಲಿ ರಾಯರ ಕಾರಿಗೆ ನಂಬರು ಬರೆದ ಸ್ವಂತ ಜಾಗ. ಈಗ ಅವರು ಮನೆ ಬಿಡುವುದು ಏಳೂವರೆಗೆ. ಗುದೈಬಿಯಾದ ಒಂದು ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಿದ್ದಾಗ ಸಿಕ್ಕಿದರು. ಹೊಟ್ಟೆ ತುಸು ಮುಂದೆ ಬಂದಿತ್ತು. ಅವರ ಪ್ರಶ್ನೆಯನ್ನೇ ನಾನು ಅವರಿಗೆ ಕೇಳಿದೆ.

"ಈಗ ಬಿಟ್ಟಿದ್ದೇನೆ" ಎಂದರು, ಒಂದಿಷ್ಟೂ ಅಳುಕಿಲ್ಲದೆ. "ಬಿಡುವುದೂ ಒಂದು ಹಂತ ಮಾರಾಯ್ರೆ. ಎಷ್ಟು ವರ್ಷ ಮಾಡಿದವರು ಎಷ್ಟು ತಿಂಗಳು ಬಿಡಬಹುದು, ಬಿಟ್ಟ ಮೇಲೆ ಎಷ್ಟರಿಂದ ಸುರು ಮಾಡಬೇಕು, ಅದಕ್ಕೆಲ್ಲ ಲೆಕ್ಕ ಉಂಟು. ನಿಮ್ಮದು ದೋಸೆ ಬರಲಿಕ್ಕೆ ಇನ್ನೂ ಹೊತ್ತುಂಟಲ್ಲ? ಕೂತ್ಕೊಳ್ಳಿ."